ಎದುರಿಗೆ ಸೊನ್ನೆ ಬರೆದಿದ್ದ ಕ್ಲಿನಿಕ್

‘ಖಿನ್ನತೆಗೆ ಮೂಗಿಗೆ ಹೊಡೆಯೋ ಸ್ಪ್ರೇ ಕೊಡ್ತಾರಂತಲ್ಲ, ಹತ್ತಿರದಲ್ಲಿ ಯಾವ ಕ್ಲಿನಿಕ್ ಇದೆ?’ ಈಚೆಗೆ ಈ ಪ್ರಶ್ನೆ ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಒಬ್ಬರ ಪ್ರಕರಣ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಖಿನ್ನತೆ ಹಳೆಯದು, ಈ ಸಲದ್ದು ವರ್ಷ ದಾಟಿತ್ತು. ಹೇಗೋ ಕೆಲಸಕ್ಕೆ ಹೋಗಿಬರುತ್ತಿದ್ದರು.

ಮೂರನೇ ಭೇಟಿಗೆ ಒಂದು ಹಾಳೆ ತಂದರು. ಆರು ಕ್ಲಿನಿಕ್‌ಗಳ ಹೆಸರು, ಎದುರಿಗೆ ದೂರ. ಕೊನೆಯದರ ಎದುರು ಸೊನ್ನೆ. ‘ಇವರು ಮನೆಗೇ ಕಳಿಸ್ತಾರೆ ಮೇಡಂ. ವಿಡಿಯೊದಲ್ಲಿ ಸ್ವಲ್ಪ ಹೊತ್ತು ಮಾತಾಡಿದ್ರೆ ಆಯ್ತು.’

ನಾನು ಆಪ್ತಸಮಾಲೋಚಕಿ, ವೈದ್ಯೆಯಲ್ಲ. ಆದರೂ ಆ ಸೊನ್ನೆ ನೋಡಿ ಸುಮ್ಮನಿರಲಾಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟ ಎಸ್‌ಕೆಟಮಿನ್ ಸ್ಪ್ರೇ ಮನೆಗೆ ಒಯ್ಯುವ ಔಷಧಿಯಲ್ಲ. ಸಿಬ್ಬಂದಿಯ ಕಣ್ಣೆದುರೇ ಹೊಡೆದುಕೊಂಡು ಕನಿಷ್ಠ 2 ಗಂಟೆ ಅಲ್ಲೇ ಇರಬೇಕು. ಬಿಪಿ ಏರುತ್ತದೆ. ಮಂಪರು ಕವಿಯುತ್ತದೆ, ಕೆಲವರಿಗೆ ತಮ್ಮ ಮೈಯೇ ತಮ್ಮದಲ್ಲ ಅನ್ನಿಸುತ್ತದೆ. ಒಂದು ನಿದ್ದೆ ಚೆನ್ನಾಗಿ ಆಗಿ ಮಾರನೇ ದಿನ ಏಳುವವರೆಗೆ ಗಾಡಿ ಮುಟ್ಟುವಂತಿಲ್ಲ. ಮನೆಗೆ ಕಳಿಸುವುದು ಸಾಮಾನ್ಯವಾಗಿ ಬೇರೆಯೇ ಸರಕು: ಅರಿವಳಿಕೆಗೆ ಬಳಸುವ ಕೆಟಮಿನ್ ಅನ್ನು ಔಷಧಂಗಡಿಯಲ್ಲಿ ಬೆರೆಸಿ ತುಂಬಿದ್ದು. ಅದರ ಬಗ್ಗೆ ಎಫ್‌ಡಿಎ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಇಷ್ಟು ಹೇಳಿ ಕೇಳಿದೆ: ‘ಉಳಿದ ಐದರಲ್ಲಿ ಯಾವುದಕ್ಕಾದರೂ ಹೋದಿರಿ ಅಂತಿಟ್ಟುಕೊಳ್ಳಿ. ವಾಪಸ್ ಕರಕೊಂಡು ಬರೋರು ಯಾರು?’ ಓಡಾಟದ ಅನುಕೂಲ ಕೇಳಿದ್ದೆ, ಅಷ್ಟೇ.

ಬಹಳ ಹೊತ್ತು ಮಾತಿಲ್ಲ. ಹಾಳೆ ಮಡಚಿದರು, ಬಿಡಿಸಿದರು.

‘ನಾನು ಹುಡುಕಿದ್ದು ಹತ್ತಿರದ್ದನ್ನಲ್ಲ ಮೇಡಂ. ಯಾರಿಗೂ ಹೇಳದೆ ತಗೊಳ್ಳೋಕಾಗೋದನ್ನ.’

ಖಿನ್ನತೆ ಇರುವುದೇ ಗಂಡನಿಗೆ ಗೊತ್ತಿರಲಿಲ್ಲ. ‘ಹಾಗಾದ್ರೆ ಗುಳಿಗೆ?’ ಎಂದೆ. ‘ಅವರು ಮನೇಲಿರೋ ದಿನ ಬಿಟ್ಟುಬಿಡ್ತೀನಿ.’ ಅವರು ಮನೆಯಲ್ಲಿ ಇರುತ್ತಿದ್ದುದು ತಿಂಗಳಲ್ಲಿ ಹತ್ತು ಹನ್ನೆರಡು ದಿನ.

ಈ ಸ್ಪ್ರೇ ಇರುವುದು ಮುಖ್ಯವಾಗಿ ಚಿಕಿತ್ಸೆಗೆ ಜಗ್ಗದ ಖಿನ್ನತೆಗೆ. ಹಾಗೆನ್ನಲು, ಸರಿಯಾದ ಡೋಸ್‌ನಲ್ಲಿ ಸಾಕಷ್ಟು ವಾರ ತೆಗೆದುಕೊಂಡ ಕನಿಷ್ಠ ಎರಡು ಔಷಧಿಗಳು ಫಲ ಕೊಡದಿರಬೇಕು. ಈಕೆಯ ಚೀಟಿಯಲ್ಲಿ ಎರಡು ಔಷಧಿಗಳಿದ್ದವು. ಹೊಟ್ಟೆಗೆ ಹೋಗಿದ್ದು ಎಷ್ಟು ಎಂದು ಅವರ ಮನೋವೈದ್ಯರಿಗೂ ತಿಳಿಯದು. (ಮೊದಲ ಭೇಟಿಯಲ್ಲೇ ನಾನೂ ಕೇಳಬೇಕಿತ್ತು. ಕೇಳಿರಲಿಲ್ಲ.)

ಸಾಯುವ ಯೋಚನೆ ಬರುತ್ತದೆಯೇ ಎಂದು ಪ್ರತಿ ಭೇಟಿಯಲ್ಲೂ ನೇರವಾಗಿಯೇ ಕೇಳುತ್ತೇನೆ. ಆಕೆಗೆ ಇರಲಿಲ್ಲ. ಇದ್ದಿದ್ದರೆ ಈ ಹಾಳೆಯನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಕಳಿಸುತ್ತಿದ್ದೆ.

ಕೊಟ್ಟ ಸಲಹೆ ಇದು. ಸೊನ್ನೆಯದನ್ನು ಹೊಡೆದುಹಾಕಿ. ಬಿಟ್ಟ ದಿನಗಳ ಲೆಕ್ಕವನ್ನು ಮನೋವೈದ್ಯರ ಮುಂದಿಡಿ, ಬೈದರೆ ಬೈಸಿಕೊಳ್ಳಿ. ಒಬ್ಬರಿಗೆ ಹೇಳಿ, ಅದು ಗಂಡನೇ ಆಗಬೇಕೆಂದಿಲ್ಲ. ಯಾಕೆಂದರೆ ಸ್ಪ್ರೇ ಶುರುವಾದರೆ ಮೊದಲ ನಾಲ್ಕು ವಾರ ವಾರಕ್ಕೆ ಎರಡು ಸಲ ಹೋಗಬೇಕು, ಆಮೇಲೆ ವಾರಕ್ಕೊಮ್ಮೆ. ಅಷ್ಟನ್ನು ಗುಟ್ಟಾಗಿ ನಡೆಸಲು ಯಾರಿಂದಲೂ ಆಗದು. ಇವಿಷ್ಟೂ ಆದ ಮೇಲೂ ವೈದ್ಯರು ಬೇಕೆಂದರೆ ಉಳಿದ ಐದಕ್ಕೆ ಫೋನ್ ಮಾಡಿ: ಕೊಡುವುದು ಎಸ್‌ಕೆಟಮಿನ್ನೇ? ಬಿಪಿ ನೋಡುವವರು ಯಾರು? ಎಷ್ಟು ಹೊತ್ತು ಕೂರಿಸುತ್ತೀರಿ? ನನ್ನ ಮನೋವೈದ್ಯರ ಜೊತೆ ಮಾತಾಡುತ್ತೀರಾ?

‘ಪಾಪ, ಇದ್ದ ಒಂದು ಆಸೆಗೂ ನೀನು ಅಡ್ಡಗಾಲು ಹಾಕಿದೆ’ ಎಂದರು ಸಹೋದ್ಯೋಗಿ. ಇರಬಹುದು. ಆ ಸ್ಪ್ರೇಯಿಂದ ಚೇತರಿಸಿಕೊಂಡವರಿದ್ದಾರೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಬಾಗಿಲು ಹಾಕಿಕೊಂಡು ಒಬ್ಬರೇ ಹೊಡೆದುಕೊಳ್ಳುವುದಕ್ಕೆ ಮಾತ್ರ ಹ್ಞೂಂ ಅನ್ನಲಾರೆ.

ಮುಂದಿನ ಭೇಟಿಗೆ ಬಂದಾಗ ಅವರ ತಂಗಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮನೋವೈದ್ಯರು ಎರಡನೇ ಗುಳಿಗೆಯನ್ನೇ ಮೊದಲಿಂದ ಶುರು ಮಾಡಿದ್ದಾರೆ. ಸ್ಪ್ರೇ ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಗಂಡನಿಗೆ ಇನ್ನೂ ಹೇಳಿಲ್ಲ.