ಪ್ರತಿಕ್ರಿಯೆ: ಶಾಸಕರ ಪತ್ನಿಗೆ ಸಹಾಯಕಿ, ಸಂಬಳ ಯಾರದು?

ಕೊಪ್ಪಳದಲ್ಲಿ ಶಾಸಕರೊಬ್ಬರ ಪತ್ನಿಗೆ ಸಹಾಯಕಿಯಾಗಲು ಕರೆದಿದ್ದಾರೆ, ಇದು ಸರ್ಕಾರಿ ಕೆಲಸವಾ ಅಂತ ಕೇಳಿದ್ದೀರಿ. ಅಲ್ಲ. ಶಾಸಕರ ಪತ್ನಿ ಅನ್ನೋದು ಹುದ್ದೆಯೇ ಅಲ್ಲ, ಸಿಬ್ಬಂದಿ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ ಅಧ್ಯಕ್ಷರ ಪತ್ನಿಗೂ ಸಂಬಳವಿಲ್ಲ, ಆದರೆ 1978ರ ಕಾನೂನಿನಂತೆ ಸರ್ಕಾರಿ ಖರ್ಚಿನಲ್ಲೇ ಸಿಬ್ಬಂದಿ ಸಿಗುತ್ತಾರೆ. ಇಲ್ಲಿ ನಿಮ್ಮ ಸಂಬಳ ಶಾಸಕರ ಮನೆಯವರೇ ಕೊಡಬೇಕು. ಬ್ಯಾಂಕಿಗೇ ಹಾಕಿ ಅಂತ ಮೊದಲೇ ಹೇಳಿಬಿಡಿ.

ಕೆಲಸ ಅಂದರೆ ಜಾಸ್ತಿ ಲಗ್ನಪತ್ರಿಕೆಗಳದ್ದೇ. ಮದುವೆ ಸೀಸನ್‌ನಲ್ಲಿ ಟೀಪಾಯಿ ಮೇಲೆ ರಾಶಿ ಬೀಳುತ್ತದೆ. ಯಾವುದಕ್ಕೆ ಸಾಹೇಬರು, ಯಾವುದಕ್ಕೆ ಅಕ್ಕಾವ್ರು, ಯಾವುದಕ್ಕೆ ಬರೀ ಮುಯ್ಯಿ ಕವರ್ ಅಂತ ಪತ್ರಿಕೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆದಿಡಬೇಕು. ಹೋದಲ್ಲೆಲ್ಲ ಅವರಿಗೆ ಉಡಿ ತುಂಬುತ್ತಾರೆ. ಆ ಕಣ, ತೆಂಗಿನಕಾಯಿ ಹೊರುವವರು ನೀವು. ಅಷ್ಟರಲ್ಲೇ ಯಾರೋ ವರ್ಗಾವಣೆ ಅರ್ಜಿ ಕೈಗೆ ತುರುಕುತ್ತಾರೆ. ತಗೋಬೇಡಿ. ಕಚೇರಿಯಲ್ಲಿ ಪಿಎ ಇದ್ದಾರೆ, ಅವರಿಗೆ ಕೊಡಿ ಅನ್ನಿ.

ಅಕ್ಕಾವ್ರಿಗೆ ಪ್ರಚಾರ ಇಷ್ಟವಿಲ್ಲ ಅಂದಿರಲ್ವಾ? ಫೋಟೊ ತಪ್ಪಿಸಬಹುದು. ಆದರೆ ಗಂಡನ ನಾಮಪತ್ರದ ಜೊತೆ ಕೊಡುವ ಫಾರ್ಮ್ 26 ಅನ್ನೋ ಪ್ರಮಾಣಪತ್ರದಲ್ಲಿ ಅವರ ಚಿನ್ನ, ಜಮೀನು, ಸಾಲ ಎಲ್ಲ ಇರುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ನೆಂಟರು ಸುಮ್ನೆ ನಿಮ್ಮನ್ನು ಕೆದಕಿದರೆ ಅಲ್ಲೇ ನೋಡಿಕೊಳ್ಳಿ ಅನ್ನಿ.

ರಜೆ ವಿಷಯವನ್ನೂ ಈಗಲೇ ಮಾತಾಡಿ. ಗವಿಮಠದ ಜಾತ್ರೆ ವೇಳೆಗೆ ಮನೆ ತುಂಬ ಜನ ಇರುತ್ತಾರೆ, ಆಗ ರಜೆ ಕೇಳಿದರೆ ಸಿಗೋದು ಕಷ್ಟ.