ಪೌಂಡನ್ನು ರೂಪಾಯಿ ಮಾಡಿದರೆ ಪಗಾರ ತಿಳಿಯುತ್ತಾ?

ಪ್ರಶ್ನೆ: ಮೇಡಂ, ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ತೂಕದ ಲೆಕ್ಕ ಬರೆಯುತ್ತೇನೆ. ದಿನಕ್ಕೆ 600 ರೂಪಾಯಿ ಪಗಾರ. ಅಕ್ಕನ ಮಗ ಲಂಡನ್ನಿನ ಗೋದಾಮೊಂದರಲ್ಲಿದ್ದಾನೆ, ತಾಸಿಗೆ 12 ಪೌಂಡ್ ಚಿಲ್ಲರೆ. ಅಂದರೆ ನನ್ನ ಎರಡು ದಿನದ ದುಡಿಮೆ ಅವನಿಗೆ ಒಂದು ತಾಸು! ಆದರೂ ಫೋನ್ ಮಾಡಿದಾಗಲೆಲ್ಲ, "ಮಾಮಾ, ಇದು ಲಿವಿಂಗ್ ವೇಜ್ ಅಲ್ಲ, ಸಾಲೋದಿಲ್ಲ" ಅಂತಾನೆ. ಅದನ್ನು ಲೆಕ್ಕ ಹಾಕೋದು ಹೇಗೆ? ಅವನದನ್ನೂ ನನ್ನದನ್ನೂ ಹೋಲಿಸಬಹುದಾ?
— ಓದುಗರು, ಕಲಬುರಗಿ

ಉತ್ತರ: ನಿಮ್ಮ ಅಳಿಯ ಸುಳ್ಳು ಹೇಳುತ್ತಿಲ್ಲ. ಲಿವಿಂಗ್ ವೇಜ್ ಅಂದರೆ ಮನೆಮಂದಿ ಮರ್ಯಾದೆಯಿಂದ ಬದುಕಲು ಸಾಕಾಗುವ ಕೂಲಿ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ 21 ವರ್ಷ ತುಂಬಿದವರಿಗೆ ಕನಿಷ್ಠ ಕೂಲಿ ತಾಸಿಗೆ 12.21 ಪೌಂಡ್ ಇತ್ತು. ಸರ್ಕಾರ ಅದನ್ನೇ 'ನ್ಯಾಷನಲ್ ಲಿವಿಂಗ್ ವೇಜ್' ಎಂದು ಕರೆಯುತ್ತದೆ. ಆದರೆ ಲಿವಿಂಗ್ ವೇಜ್ ಫೌಂಡೇಶನ್ ಎಂಬ ಸಂಸ್ಥೆ ಬದುಕಿನ ಖರ್ಚು ನೋಡಿ 2024ರ ಅಕ್ಟೋಬರ್‌ನಲ್ಲಿ ಹೇಳಿದ ದರ 12.60. ಲಂಡನ್ನಿಗೆ ಬೇರೆಯೇ, 13.85. ಅಲ್ಲಿನ ಬಾಡಿಗೆ ಹಾಗಿದೆ. ಈ ದರ ಕೊಡಲೇಬೇಕೆಂಬ ಕಾನೂನಿಲ್ಲ, ಒಪ್ಪಿದ ಕಂಪನಿಗಳು ಮಾತ್ರ ಕೊಡುತ್ತವೆ.

ಲಿವಿಂಗ್ ವೇಜ್ ಲೆಕ್ಕ ಹಾಕಲು ಹಲವು ದೇಶಗಳಲ್ಲಿ ಬಳಕೆಯಲ್ಲಿರುವುದು ರಿಚರ್ಡ್ ಆಂಕರ್ ಮತ್ತು ಮಾರ್ಥಾ ಆಂಕರ್ ಎಂಬ ಸಂಶೋಧಕರು ರೂಪಿಸಿದ ವಿಧಾನ. ಅದರಲ್ಲಿ ಮೊದಲು ಊಟ. ಪೌಷ್ಟಿಕ ಆಹಾರಕ್ಕೆ ಎಷ್ಟು ಬೇಕು ಎಂಬ ಅಳತೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ತಟ್ಟೆ ಮಾತ್ರ ಆಯಾ ಊರಿನದು. ಕಲಬುರಗಿಗೆ ಹಾಕುವುದಾದರೆ ಜೋಳದ ರೊಟ್ಟಿ, ತೊಗರಿಬೇಳೆ, ಬದನೆಕಾಯಿ, ಶೇಂಗಾ ಹಿಂಡಿ ಬರಬೇಕು. ಬೆಲೆ ಕೂಲಿಯವರು ಕೊಳ್ಳುವ ಅಂಗಡಿಯದ್ದೇ ಆಗಬೇಕು, ಮಾಲ್‌ನದ್ದಲ್ಲ. ಆಮೇಲೆ ಮನೆ. ಈಗ ಇರುವ ಪತ್ರಾಸ್ ಖೋಲಿಯ ಬಾಡಿಗೆ ಬರೆದುಕೊಂಡರೆ ಸಾಲದು. ನೀರು, ಶೌಚಾಲಯ, ಗಾಳಿ ಬೆಳಕು ಇರುವ ಮನೆಯ ಬಾಡಿಗೆ ಹಿಡಿಯಬೇಕು. ನಮ್ಮಲ್ಲಿ ಮೇ ತಿಂಗಳ ಬಿಸಿಲಿಗೆ ಕೂಲರ್ ಕರೆಂಟು, ಅಲ್ಲಿ ಜನವರಿಯ ಚಳಿಗೆ ಹೀಟರ್ ಬಿಲ್ಲು. ಮಕ್ಕಳ ಶಾಲೆ, ದವಾಖಾನೆ, ಬಸ್ಸು, ಬಟ್ಟೆ ಸೇರಿಸಿ, ಅಚಾನಕ್ ಖರ್ಚಿಗೆಂದು ಸಾಮಾನ್ಯವಾಗಿ ಶೇಕಡ 5ರಷ್ಟು ಮೇಲೆ ಹಾಕುತ್ತಾರೆ.

ಇಷ್ಟು ಕೂಡಿಸಿದರೆ ಬರುವುದು ಮನೆಯ ಖರ್ಚು, ಒಬ್ಬರ ಕೂಲಿಯಲ್ಲ. ಅದನ್ನು ದುಡಿಯುವವರ ಸಂಖ್ಯೆಯಿಂದ ಭಾಗಿಸಬೇಕು. ನಿಜವಾದ ಆಟ ಇರುವುದೇ ಇಲ್ಲಿ. ಉದಾಹರಣೆಗೆ ನಿಮ್ಮ ಮನೆಗೆ ತಿಂಗಳಿಗೆ 24,000 ಬೇಕು ಅಂದುಕೊಳ್ಳಿ. ದುಡಿಯುವವರು 1.6 (ಒಬ್ಬರು ಪೂರ್ತಿ, ಇನ್ನೊಬ್ಬರು 0.6) ಎಂದು ಹಿಡಿದರೆ ಒಬ್ಬರ ಪಾಲು 15,000. ನೀವು 26 ದಿನಕ್ಕೆ 15,600 ತರುತ್ತೀರಿ, ಪಾಸು! ನೀವೊಬ್ಬರೇ ದುಡಿಯುವುದಾದರೆ ಅದೇ ಪಗಾರ ಬೇಕಾದ್ದರಲ್ಲಿ ಶೇಕಡ 65 ಮಾತ್ರ. ಆ 1.6 ಎಂಬುದನ್ನು ಸುಮ್ನೆ ಊಹಿಸುವುದಿಲ್ಲ. ಆ ಭಾಗದಲ್ಲಿ ಎಷ್ಟು ಜನ ಕೆಲಸಕ್ಕೆ ಹೋಗುತ್ತಾರೆ, ನಿರುದ್ಯೋಗ ಎಷ್ಟು, ಅರ್ಧ ದಿನದ ಕೆಲಸ ಎಷ್ಟು ಎಂದು ನೋಡಿ ತೆಗೆಯುತ್ತಾರೆ. ಆದರೂ ಕೂಸನ್ನು ನೋಡಿಕೊಳ್ಳುವವರೇ ಇಲ್ಲದ ಮನೆಯ ಹೆಣ್ಣುಮಗಳನ್ನು 0.6 ಎಂದು ಬರೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ಏಷ್ಯಾದ ಗಾರ್ಮೆಂಟ್ಸ್ ಕಾರ್ಮಿಕರ 'ಏಷ್ಯಾ ಫ್ಲೋರ್ ವೇಜ್' ಲೆಕ್ಕ ನನಗೆ ಹೆಚ್ಚು ಸರಿ ಕಾಣುತ್ತದೆ. ಒಬ್ಬರ ಪಗಾರದಲ್ಲಿ ಮೂರು ಯೂನಿಟ್ ಬದುಕಬೇಕು ಅನ್ನುತ್ತದೆ ಅದು. ದೊಡ್ಡವರು ಒಂದು ಯೂನಿಟ್, ಮಕ್ಕಳು ಅರ್ಧರ್ಧ.

ನಮಗೇನೂ ಇದು ಹೊಸದಲ್ಲ. 1957ರಲ್ಲೇ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಗೆ ಮೂರು ಯೂನಿಟ್, ಯೂನಿಟ್‌ಗೆ ದಿನಕ್ಕೆ 2,700 ಕ್ಯಾಲೊರಿ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ ಎಂದು ಬರೆದಿಟ್ಟಿದೆ. ಅದರಲ್ಲಿ ಹೆಂಡತಿ 0.8 ಯೂನಿಟ್. ಹೆಂಗಸರಿಗೆ ಹಸಿವು ಕಡಿಮೆ ಅಂತ ಅವರಿಗೆ ಯಾರು ಹೇಳಿದರೋ!

ಇನ್ನು ಹೋಲಿಕೆ. ಬ್ಯಾಂಕಿನ ದರದಲ್ಲಿ ಪೌಂಡನ್ನು ರೂಪಾಯಿ ಮಾಡುವುದನ್ನು ಬಿಡಿ. ಆ ರೂಪಾಯಿ ಖರ್ಚಾಗುವುದು ಇಲ್ಲಿ ಅಲ್ಲವಲ್ಲ. ಹಣದ ಕೊಳ್ಳುವ ಶಕ್ತಿ ನೋಡಿ ಹೋಲಿಸುವ ಪಿಪಿಪಿ ಎಂಬ ಲೆಕ್ಕವೂ ಇದೆ. ಅದರ ಪ್ರಕಾರ ಅಮೆರಿಕದಲ್ಲಿ ಒಂದು ಡಾಲರ್‌ಗೆ ಸಿಗುವಷ್ಟು ನಮ್ಮಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ. ಆದರೆ ಅದು ಇಡೀ ದೇಶದ ಸರಾಸರಿ. ಬೆಂಗಳೂರಿನ ಬಾಡಿಗೆಯೂ ಶಹಾಬಾದಿನ ಬಾಡಿಗೆಯೂ ಅದರಲ್ಲಿ ಒಂದೇ ಆಗಿಬಿಡುತ್ತವೆ. ಅದಕ್ಕಿಂತ ಸುಲಭದ ದಾರಿ, ಇಬ್ಬರೂ ನಿಮ್ಮ ನಿಮ್ಮ ಊರಿನ ಲಿವಿಂಗ್ ವೇಜ್‌ನಲ್ಲಿ ಎಷ್ಟು ಪಾಲು ದುಡಿಯುತ್ತೀರಿ ಎಂದು ನೋಡುವುದು. ಮೇಲಿನ ದರಗಳಲ್ಲೇ ನೋಡೋಣ. ಅಳಿಯನಿಗೆ ಸಿಗುವುದು ಬರೀ 12.21 ಆದರೆ, ಲಂಡನ್ನಿನ 13.85ರಲ್ಲಿ ಅದು ಶೇಕಡ 88. ಬೇಕಾದ ಪ್ರತಿ ನೂರಕ್ಕೆ ಅವನಿಗೆ 12 ಕಡಿಮೆ, ನೀವೊಬ್ಬರೇ ದುಡಿಯುವವರಾದರೆ ನಿಮಗೆ 35 ಕಡಿಮೆ. ಮುಂದಿನ ಸಲ ಫೋನ್ ಮಾಡಿದಾಗ ಇದನ್ನೇ ಹೇಳಿ.

ಪ್ರಶ್ನೆ: ಬೀದರ್ ಹತ್ತಿರದ ಹಳ್ಳಿಯಲ್ಲಿ ನಮಗೆ ಸ್ವಂತ ಮನೆ ಇದೆ. ನಮ್ಮಂಥವರ ಕೂಲಿಗೂ ಬಾಡಿಗೆ ಯಾಕೆ ಸೇರಿಸಬೇಕು?
— ಓದುಗರು, ಬೀದರ್ ಜಿಲ್ಲೆ

ಉತ್ತರ: ಕೂಲಿ ಕೆಲಸಕ್ಕೆ ಕೊಡುವುದು. ನಿಮ್ಮ ಅಜ್ಜ ಕಟ್ಟಿಸಿದ ಮನೆಯ ಲಾಭ ಮಾಲೀಕನಿಗೆ ಯಾಕೆ ಹೋಗಬೇಕು? ನಿಮ್ಮ ಪಕ್ಕದಲ್ಲೇ ಅದೇ ಕೆಲಸ ಮಾಡುವ ಇನ್ನೊಬ್ಬ ಬಾಡಿಗೆ ಕಟ್ಟುತ್ತಿರಬಹುದು. ಇಷ್ಟಕ್ಕೂ ಸ್ವಂತ ಮನೆ ಪುಕ್ಕಟೆ ಅಲ್ಲ. ಹೋದ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಿಸಲು, ಗೋಡೆ ಸರಿಮಾಡಿಸಲು ಎಷ್ಟು ಕೊಟ್ಟಿರಿ? ಅದನ್ನು ಹನ್ನೆರಡರಿಂದ ಭಾಗಿಸಿ ನೋಡಿ.