ಫಾರ್ಮ್‌ಗೆ ಸಹಿ ಹಾಕಿ, ಇಮೇಲ್ ಕೂಡ ಬರೆಯಿರಿ

ನಮಸ್ಕಾರ. ಅಕ್ಕ ಅಂತ ಕರೆದು ಕೇಳಿದ್ದೀರಿ, ಮನೆಯವಳ ಹಾಗೇ ಹೇಳುತ್ತೇನೆ.

ನಿಮ್ಮ ಮಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್‌ನಲ್ಲಿ ಆರನೇ ಕ್ಲಾಸಿಗೆ ಸೇರಿ ಇನ್ನೂ ಒಂದು ತಿಂಗಳು. ಹಣೆಯ ವಿಭೂತಿ ನೋಡಿ ಸ್ಕೂಲ್ ಬಸ್ಸಿನಲ್ಲಿ ಹುಡುಗರು ಆಡಿಕೊಳ್ಳುತ್ತಾರೆ. ಅಷ್ಟರಲ್ಲಿ ಶಾಲೆಯಿಂದ ಒಂದು ಪರ್ಮಿಷನ್ ಫಾರ್ಮ್ ಬಂದಿದೆ: ಬುಲ್ಲಿಯಿಂಗ್ (ಮಕ್ಕಳು ಮಕ್ಕಳನ್ನೇ ಆಡಿಕೊಂಡು ಕಾಡಿಸುವುದು) ತಡೆಯುವುದರ ಬಗ್ಗೆ, ಬೇರೆ ಬೇರೆ ಧರ್ಮದ ಮಕ್ಕಳು ಸೇರಿ ಮಾಡುವ ಲೀಡರ್‌ಶಿಪ್ ವರ್ಕ್‌ಶಾಪ್. ಇದರಲ್ಲಿ ಮತಪ್ರಚಾರ ಇರುತ್ತಾ, ಕಳಿಸಲಾ ಬೇಡವಾ, ಕಳಿಸಿದರೆ ಬಸ್ಸಿನ ಕಾಟ ನಿಲ್ಲುತ್ತಾ ಅಂತ ನಿಮ್ಮ ಪ್ರಶ್ನೆ.

ಖಂಡಿತ ಕಳಿಸಿ. ಆದರೆ ಬಸ್ಸಿನ ಕಾಟಕ್ಕೆ ವರ್ಕ್‌ಶಾಪ್ ಒಂದೇ ಸಾಲದು. ಅದಕ್ಕೆ ನ್ಯೂಜೆರ್ಸಿಯಲ್ಲಿ ಗಟ್ಟಿಯಾದ ಕಾನೂನೇ ಇದೆ.

ಮತಪ್ರಚಾರದ ಭಯ ಬಿಡಿ. ಇಲ್ಲಿನ ಸರ್ಕಾರಿ ಶಾಲೆ ಯಾವ ಧರ್ಮವನ್ನೂ ಬೋಧಿಸುವ ಹಾಗಿಲ್ಲ. ಶಾಲೆಯೇ ಬೈಬಲ್ ಓದಿಸುವುದು ತಪ್ಪು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿದೆ. ಧರ್ಮಗಳ ಬಗ್ಗೆ ತಿಳಿಸಿಕೊಡಬಹುದು, ಅಷ್ಟೇ. ಅಕ್ಟೋಬರ್ ಮೊದಲ ಸೋಮವಾರದಿಂದ ಶುರುವಾಗುವ ವಾರವನ್ನು ಇಲ್ಲಿ ವೀಕ್ ಆಫ್ ರೆಸ್ಪೆಕ್ಟ್ (ಗೌರವದ ವಾರ) ಅಂತ ಶಾಲೆಗಳು ಆಚರಿಸಬೇಕು, ಅದೂ ಕಾನೂನೇ. ನಿಮಗೆ ಬಂದ ಫಾರ್ಮ್ ಅದರದ್ದೇ ಇರಬೇಕು.

ನನ್ನ ಮಗಳು ಇಂಥ ವರ್ಕ್‌ಶಾಪಿಗೆ ಹೋದಾಗ ಸಹಾಯಕ್ಕೆ ಅಂತ ನಾನೂ ಹೋಗಿದ್ದೆ. ಜಿಮ್ಮಿನ ನೆಲದ ಮೇಲೆ ಉದ್ದಕ್ಕೆ ಒಂದು ಟೇಪು ಅಂಟಿಸಿದ್ದರು. ನಡೆಸುವವರು ಒಂದೊಂದೇ ವಾಕ್ಯ ಓದುತ್ತಾರೆ: "ನಿನ್ನ ಊಟದ ಡಬ್ಬಿ ನೋಡಿ ಯಾರಾದರೂ ಮೂಗು ಮುಚ್ಚಿಕೊಂಡಿದ್ದರೆ ಗೆರೆ ದಾಟು." "ತಲೆಯ ಮೇಲೆ ಹಾಕಿದ್ದನ್ನು ಯಾರಾದರೂ ಎಳೆದಿದ್ದರೆ ದಾಟು." ಮಾತಾಡುವ ಹಾಗಿಲ್ಲ, ನಗುವ ಹಾಗಿಲ್ಲ. ತಲೆಗೆ ಪಟಕಾ ಅನ್ನುವ ಚಿಕ್ಕ ರುಮಾಲು ಕಟ್ಟಿದ ಸಿಖ್ ಹುಡುಗ, ಹಿಜಾಬ್ ಹಾಕಿದ ಹುಡುಗಿ, ಕಿಪ್ಪಾ ಅನ್ನುವ ಪುಟ್ಟ ಟೊಪ್ಪಿ ಹಾಕಿದ ಯಹೂದಿ ಹುಡುಗ ಒಂದೇ ಕಡೆ ಬಂದು ನಿಂತರು. ಕೊನೆಗೆ, "ನೀನೇ ಯಾರನ್ನಾದರೂ ಹಾಗೆ ಆಡಿಕೊಂಡಿದ್ದರೆ ದಾಟು" ಅಂದಾಗ ತುಂಬಾ ಹೊತ್ತು ಯಾರೂ ಕದಲಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ದಾಟಿದರು.

ಮಧ್ಯಾಹ್ನ ಅಭಿನಯ ಮಾಡಿಸಿದರು. ಒಬ್ಬನನ್ನು ನಾಲ್ಕು ಜನ ಗೋಳು ಹೊಯ್ದುಕೊಳ್ಳುತ್ತಿದ್ದರೆ ನೋಡುತ್ತಿರುವ ನೀನು ಏನು ಮಾಡುತ್ತೀಯ? ಜಗಳಕ್ಕೆ ಇಳಿಯಬೇಡ. ಅವನ ಪಕ್ಕಕ್ಕೆ ಹೋಗಿ "ಬಾ, ನಮ್ಮ ಜೊತೆ ಕೂತ್ಕೋ" ಅನ್ನು, ಸಾಕು. ರಂಜಾನ್ ಉಪವಾಸ ಮಾಡುವ ಮಕ್ಕಳು ಊಟದ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಕೂರಲಿ ಅನ್ನುವ ಬೇಡಿಕೆ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟಿದ್ದೂ ಮಕ್ಕಳೇ. ನನಗೆ ತುಂಬಾ ಹಿಡಿಸಿದ್ದು ಇದು. ಬೇರೆಯವರ ಹಬ್ಬದಲ್ಲಿ ಸಿಹಿ ತಿಂದು ಬರುವುದಕ್ಕಿಂತ ಇದು ಎಷ್ಟೋ ದೊಡ್ಡದು ಅಲ್ವಾ?

ಈಗ ಕಾನೂನು. 2010ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಟೈಲರ್ ಕ್ಲೆಮೆಂಟಿ ರೂಮ್‌ಮೇಟ್‌ನ ಕಿರುಕುಳದ ಬೆನ್ನಲ್ಲೇ ತೀರಿಕೊಂಡ ಮೇಲೆ ಇಡೀ ರಾಜ್ಯ ನಡುಗಿತು. 2011ರಲ್ಲಿ ಬುಲ್ಲಿಯಿಂಗ್ ವಿರುದ್ಧ ಹೊಸ ಕಾಯ್ದೆ ಜಾರಿಗೆ ಬಂತು. ಇಲ್ಲಿ ಎಲ್ಲರೂ ಎಚ್‌ಐಬಿ (ಹರಾಸ್‌ಮೆಂಟ್, ಇಂಟಿಮಿಡೇಷನ್, ಬುಲ್ಲಿಯಿಂಗ್, ಅಂದರೆ ಕಿರುಕುಳ, ಬೆದರಿಕೆ, ಕಾಟ) ಅನ್ನುವುದು ಇದಕ್ಕೇ. ಪ್ರತಿ ಶಾಲೆಯಲ್ಲೂ ಆ್ಯಂಟಿ-ಬುಲ್ಲಿಯಿಂಗ್ ಸ್ಪೆಷಲಿಸ್ಟ್ ಅಂತ ಒಬ್ಬರು ಇರಲೇಬೇಕು. ದೂರು ಬಂದ ಒಂದು ಶಾಲಾ ದಿನದೊಳಗೆ ತನಿಖೆ ಶುರುವಾಗಬೇಕು, 10 ಶಾಲಾ ದಿನದೊಳಗೆ ಮುಗಿಯಬೇಕು. ಎರಡೂ ಕಡೆಯ ತಂದೆತಾಯಿಗೆ ತಿಳಿಸಬೇಕು. ಸ್ಕೂಲ್ ಬಸ್ಸಿನಲ್ಲಿ ಆದದ್ದೂ ಇದರೊಳಗೇ ಬರುತ್ತದೆ. ಒಂದೇ ಸಲ ಆಗಿದ್ದರೂ ದೂರು ಕೊಡಬಹುದು.

ನಮ್ಮವರು ಸೋಲುವುದು ಬರೆಯುವುದರಲ್ಲಿ. "ಮಗನಿಗೆ ತೊಂದರೆ ಕೊಡುತ್ತಾರೆ" ಅಂತ ಸುಮ್ನೆ ಬರೆದರೆ ಮಕ್ಕಳ ಜಗಳ ಅಂತ ಪಕ್ಕಕ್ಕಿಡಬಹುದು. ಧರ್ಮ, ಬಣ್ಣ, ಹುಟ್ಟಿದ ದೇಶ, ಇಂಥದ್ದನ್ನು ಹಿಡಿದು ಹಂಗಿಸಿದ್ದು ಅನ್ನುವುದು ದೂರಿನಲ್ಲಿ ಕಾಣಬೇಕು. ಹಾಗಾಗಿ ತಾರೀಖು, ಬಸ್ ನಂಬರ್, ಆ ಹುಡುಗ ಆಡಿದ ಮಾತು ಇದ್ದದ್ದು ಇದ್ದ ಹಾಗೆ, ಪಕ್ಕದಲ್ಲಿ ಯಾರಿದ್ದರು, ಇವಿಷ್ಟೂ ಇರಲಿ. ವಿಭೂತಿಯ ಮಾತು ಬರೆಯಲು ಸಂಕೋಚ ಬೇಡ, ದೂರು ನಿಂತಿರುವುದೇ ಅದರ ಮೇಲೆ. ಆ ಹುಡುಗನ ಮನೆಗೆ ಮಾತ್ರ ನೀವಾಗಿ ಫೋನ್ ಮಾಡಬೇಡಿ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಎಡಿಸನ್‌ನಂಥ ಊರಿನಲ್ಲಿ ಆಡಿಕೊಳ್ಳುವವನು ಬಿಳಿಯರ ಹುಡುಗನೇ ಆಗಿರಬೇಕು ಅಂತಿಲ್ಲ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳೇ ಹೊಸದಾಗಿ ಬಂದವರನ್ನು ಫಾಬ್ (ಫ್ರೆಶ್ ಆಫ್ ದ ಬೋಟ್, ಅಂದರೆ ಈಗಷ್ಟೇ ಹಡಗಿನಿಂದ ಇಳಿದವನು) ಅಂತ ಹಂಗಿಸುತ್ತಾರೆ. ನಮ್ಮ ಮಕ್ಕಳು ಜಾಸ್ತಿ ಇರುವ ಕ್ಲಾಸಿನಲ್ಲಿ ಪಾಕಿಸ್ತಾನದ ಹುಡುಗ ಒಂಟಿಯಾಗುತ್ತಾನೆ. ಊಟದ ಮೇಜಿನಲ್ಲಿ ನಾವು ಬೇರೆ ಧರ್ಮದವರನ್ನು ಹೀಗಳೆದರೆ, ಶಾಲೆ ಎಷ್ಟು ವರ್ಕ್‌ಶಾಪ್ ಮಾಡಿದರೂ ಮಗು ನಂಬುವುದು ನಮ್ಮ ಮಾತನ್ನೇ. ಮಗನನ್ನು ಕಳಿಸುವ ಮುಂಚೆ ಈ ಮಾತು ನಿಮ್ಮ ಯಜಮಾನರ ಕಿವಿಗೂ ಹಾಕಿ.

ವಿಭೂತಿ ಇಟ್ಟುಕೊಳ್ಳುವುದು ಬಿಡುವುದು ಮಗನಿಗೇ ಬಿಡಿ. ಹೆದರಿ ಒರೆಸಿಕೊಂಡು ಹೋಗು ಅಂತ ಮಾತ್ರ ನೀವಾಗಿ ಹೇಳಬೇಡಿ.

ದೂರಿಗೆ 338 ಅನ್ನುವ ಎಚ್‌ಐಬಿ ಫಾರ್ಮ್ ಶಾಲೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರ ಜೊತೆ ಪ್ರಿನ್ಸಿಪಾಲರಿಗೂ ಕೌನ್ಸೆಲರಿಗೂ ಇವತ್ತೇ ಒಂದು ಇಮೇಲ್ ಹಾಕಿ. ಇಂಗ್ಲಿಷ್‌ನಲ್ಲಿ ಬರೆಯಲು ಅಳುಕಿದ್ದರೆ ಕನ್ನಡದಲ್ಲೇ ಬರೆದು ನನಗೆ ಕಳಿಸಿ, ರಾತ್ರಿಯೊಳಗೆ ಇಂಗ್ಲಿಷ್ ಮಾಡಿ ಕೊಡುತ್ತೇನೆ.